ಹದಿನಾಲ್ಕನೆಯ ನಿಮಿಷದ ಗಂಟೆ

ತಿಂಗಳ ಮೊದಲ ಗುರುವಾರ, ಬರ್ಸ್‌ಲೆಮ್ಮಿನ
ಪಬ್ಬಿನ ಹಿಂಬದಿ ಕೋಣೆಯಲ್ಲಿ
ಮತ್ತೆ ಅದೇ ವ್ಯಾಜ್ಯ:
ಕೊಕ್ಕರೆಯೋ, ಏಣಿಯೋ?

ಆಲ್ಬಮ್ಮುಗಳ ನಿಜವಾದ ಹೆಸರು ಬಲು ಉದ್ದ,
ಹೇಳಿ ಮುಗಿಸುವಷ್ಟರಲ್ಲಿ ಬಿಯರಿನ ನೊರೆ ಇಳಿದಿರುತ್ತದೆ.
ಹಾಗಾಗಿ ಹೊದಿಕೆಯ ಚಿತ್ರವೇ ಹೆಸರು.
ಎಪ್ಪತ್ತೆರಡರದ್ದು ಕೊಕ್ಕರೆ, ಎಪ್ಪತ್ತೈದರದ್ದು ಏಣಿ.
ಎಂಬತ್ತೊಂದರದ್ದನ್ನು ಯಾರೂ ಎತ್ತುವುದಿಲ್ಲ,
ಜೈಲಿಗೆ ಹೋಗಿಬಂದ ಚಿಕ್ಕಪ್ಪನ ಹಾಗೆ.

ಡೆರಿಕ್ ಟನಿಕ್ಲಿಫ್ ಕೊಕ್ಕರೆಯ ಪಕ್ಷ,
ಮೂವತ್ತೊಂದು ವರ್ಷ ಪಿಂಗಾಣಿ ಕಾರ್ಖಾನೆಯಲ್ಲಿ
ಜೇಡಿ ಅರೆಯುವ ಯಂತ್ರದ ಮಗ್ಗುಲಲ್ಲಿ ನಿಂತವನು.
ಬೆರಿಲ್ ಕ್ಲೌಸ್ ಏಣಿ. ತಟ್ಟೆಯಂಚಿಗೆ
ಚಿನ್ನದ ಗೆರೆ ಎಳೆಯುತ್ತಿದ್ದ ಕೈ
ಈಗ ಗಾಳಿಯಲ್ಲಿ ಕೀಬೋರ್ಡಿನ ಏರಿಳಿತ ಬರೆಯುತ್ತದೆ.
ಬಸ್ಸು ಓಡಿಸುತ್ತಿದ್ದ ಐವರ್ ಬ್ಯಾಗ್ನಲ್
ಎರಡೂ ಊರಿಗೆ ಟಿಕೆಟ್ ಹರಿಯುತ್ತಾನೆ.

ನಾನು ಇವರ ಕಿವಿಗಳ ಕೆಲಸದವಳು.
ಆಸ್ಪತ್ರೆಯಲ್ಲಿ, ಮೆತ್ತೆಗೋಡೆಯ ಪುಟ್ಟ ಕೋಣೆಯಲ್ಲಿ ಕೂರಿಸಿ
ಕೇಳಿದಾಗ ಗುಂಡಿ ಒತ್ತಿ ಎಂದವಳು.
ಮೂವರ ಗ್ರಾಫೂ ನನಗೆ ಬಾಯಿಪಾಠ:
ಮೂರು ಸಾವಿರ ಹರ್ಟ್ಸಿನ ತನಕ ಮೇಯುತ್ತ ಮೇಯುತ್ತ ನಡೆದು
ಅಲ್ಲಿಂದ ಗೆರೆ, ಬಂಡೆಯಂಚಲ್ಲಿ ಕಾಲು ಜಾರಿದ ಕುರಿ.
ಹೇಳುವಂತಿಲ್ಲ. ಒಬ್ಬರ ಕಿವಿಯ ಸುದ್ದಿ
ಇನ್ನೊಬ್ಬರ ಕಿವಿಗೆ ಬೀಳಬಾರದು.

'ಕೊಕ್ಕರೆ, ಎರಡನೆಯ ಬದಿ, ಹದಿನಾಲ್ಕನೆಯ ನಿಮಿಷ,'
ಡೆರಿಕ್ ಮೇಜು ಕುಟ್ಟುತ್ತಾನೆ,
'ಡ್ರಮ್ಮು ಸುಮ್ಮನಾದ ಮೇಲೆ ಗಂಟೆ. ಸಣ್ಣದು. ಒಂದೇ ಸಲ.
ಏಣಿಯಲ್ಲಿ ಏನಿದೆ ಅದಕ್ಕೆ ಸಮ?'
'ಹಾಡಿದೆ,' ಅನ್ನುತ್ತಾಳೆ ಬೆರಿಲ್,
'ನಿನ್ನ ಒಂದು ಗಂಟೆಗೆ ಹದಿಮೂರು ನಿಮಿಷ
ಯಾವನೋ ಮಾಂತ್ರಿಕನ ಗಡ್ಡದ ಕತೆ ಕೇಳಬೇಕು.'
'ಹೊಸ ಮಿಕ್ಸಿನಲ್ಲಿ ಗಂಟೆಯನ್ನೇ ತೊಳೆದುಬಿಟ್ಟಿದ್ದಾರಂತೆ,'
ಐವರ್ ಬೆಂಕಿಗೆ ತುಪ್ಪ ಬಿಡುತ್ತಾನೆ.
ಅಲ್ಲಿಂದ ಜಪಾನಿನ ಮುದ್ರಣ, ಅಲ್ಲಿಂದ
ಬಾಸ್ ನುಡಿಸುವವನೊಬ್ಬ ಉಳಿದು ಮಿಕ್ಕವರು ಬಾಡಿಗೆಯವರಾದರೆ
ತಂಡ ಅದೇ ಹೌದೋ ಅಲ್ಲವೋ.
ಕೊಡಕ್ಕೆ ತಳ ಹೊಸತು, ಕಂಠ ಹೊಸತು,
ನೀರು ಹಳೆಯದೆಂದು ವಾದ.

ಓಟ್‌ಕೇಕ್ ಬರುತ್ತದೆ, ಚೀಸ್ ಮಡಿಚಿಟ್ಟ ಮೆತ್ತನೆ ದೋಸೆ.
'ನೀನು ಹೇಳು, ಡಕ್.'
ಈ ಊರಲ್ಲಿ ಯಾರು ಯಾರಿಗೂ ಬಾತುಕೋಳಿಯೇ.
ನಾನು ಅಡ್ಡಗೋಡೆಯ ಮೇಲೆ ದೀಪ ಇಡುತ್ತೇನೆ.

ಕೊನೆಗೆ ಸಾಕ್ಷಿಯನ್ನೇ ಕರೆಸಿದರು.
ಐವರನ ಚೀಲದಿಂದ ಮೂಲೆ ಸವೆದ ಕೊಕ್ಕರೆ,
ಕಪಾಟಿನ ಮೇಲಿಂದ ಪಬ್ಬಿನ ಪ್ಲೇಯರು.
ಡೆರಿಕ್, ನಾನು ಅಳತೆ ತೆಗೆದು ಕೂರಿಸಿದ ಯಂತ್ರಗಳೆರಡನ್ನೂ
ಕಳಚಿ ಲೋಟದ ಪಕ್ಕ ಇಟ್ಟ: 'ಸಂಗೀತಕ್ಕೆ ಇವು ತಗಡು.'
ಬೆರಿಲ್ ಕೂಡ. ಐವರ್ ತಂದೇ ಇರಲಿಲ್ಲ.

ಏಳೇಳು ಮಾತ್ರೆಯ ಲಯ. ಅವರಿಗದು ಹಣೆಯ ಮೇಲೆ ಗಂಟು;
ಮೇಜಿನಡಿಯಲ್ಲಿ ನನ್ನ ಬೆರಳು ತನ್ನ ಪಾಡಿಗೆ
ತಕಿಟ ತಕಧಿಮಿ.

ಹನ್ನೆರಡು.
ಹದಿಮೂರು.
ಡ್ರಮ್ಮು ನಿಂತಿತು.

ಮೂರು ತೋರುಬೆರಳು ಒಟ್ಟಿಗೇ ಮೇಲೆದ್ದವು.
ನನ್ನ ಕೋಣೆಯಲ್ಲಿ ಗುಂಡಿ ಒತ್ತಲು ತಡವರಿಸುವ ಬೆರಳುಗಳು,
ಕೇಳಿತೋ ಇಲ್ಲವೋ ಎಂದು ನನ್ನ ಮುಖ ನೋಡುವವರು,
ಇಲ್ಲಿ ಕೂದಲೆಳೆಯಷ್ಟೂ ಹಿಂದುಮುಂದಿಲ್ಲ.

ನನ್ನ ಕಿವಿ, ಮಾರ್ಚಿನಲ್ಲಿ ಪರೀಕ್ಷೆ ಆದದ್ದು,
ಎಂಟು ಸಾವಿರದವರೆಗೂ ನೆಟ್ಟಗಿನ ಗೆರೆ.
ಅದಕ್ಕೆ ಕೇಳಿದ್ದು ಮುಳ್ಳಿನ ಕರಕರ,
ಆಚೆ ಗಲ್ಲಾದಲ್ಲಿ ಯಾರೋ ಚಿಲ್ಲರೆ ಎಣಿಸಿದ್ದು.

'ಕೇಳಿತಾ, ಡಕ್?'
ಕೇಳಿತು ಅಂದೆ.
'ಈಗ ಒಪ್ಪಿಕೋ,' ಎಂದ ಬೆರಿಲಳ ಕಡೆ ತಿರುಗಿ.
'ಗಂಟೆ ಇಲ್ಲ ಅಂದೆನೇ ನಾನು? ಹಾಡಿಲ್ಲ ಅಂದೆ.'
ವಿಚಾರಣೆ ಮುಂದಿನ ತಿಂಗಳಿಗೆ.

ಯಂತ್ರಗಳನ್ನು ಮರೆತು ಹೊರಟಿದ್ದ.
ಎತ್ತಿಕೊಂಡು ಅಂಗೈ ಮುಚ್ಚಿದೆ;
ಮುಚ್ಚಿದ ಕೈಯೊಳಗೆ ಎರಡೂ ಸೇರಿ
ಸಣ್ಣಗೆ, ಬಲು ಮೇಲಿನ ಸ್ಥಾಯಿಯಲ್ಲಿ, ಸಿಳ್ಳೆ ಹಾಕತೊಡಗಿದವು.
ಬಾಗಿಲ ಹತ್ತಿರ ಡೆರಿಕ್, ನನಗೆ ಬೆನ್ನು,
ಕೋಟಿನ ತೋಳು ಹುಡುಕುತ್ತಿದ್ದ.